ದುಡಿಮೆಯೊಂದೇ ಸಾಕೇ?

ನಿಲಕ್ಕೋಟ್ಟೈಯ ಹೂವಿನ ಮಾರುಕಟ್ಟೆಯಲ್ಲಿ ಬೆಳಗ್ಗೆ ಮಲ್ಲಿಗೆಯ ರಾಶಿ ಬಿದ್ದಿರುತ್ತದೆ. ಆ ಮೊಗ್ಗು ಬಿಡಿಸಲು ಹೆಣ್ಣುಮಕ್ಕಳು ಬೆಳಕು ಹರಿಯುವ ಮೊದಲೇ ತೋಟಕ್ಕೆ ಇಳಿದಿರುತ್ತಾರೆ. ಅತ್ತ ಕಂಬಂ ಕಣಿವೆಯಲ್ಲಿ ಕನ್ನಡ ಮನೆಮಾತಿನ ಕಾಪಿಲಿಯರ್ ರೈತರೂ ಮೈಮುರಿದು ದುಡಿಯುವವರೇ. "ಕಷ್ಟಪಟ್ಟು ದುಡಿದರೆ ಮುಂದೆ ಬರುತ್ತೀರಿ" ಎಂದು ನಾವು ಶಿಕ್ಷಕರು ಮಕ್ಕಳಿಗೆ ಹೇಳುತ್ತೇವೆ. ಹಾಗಾದರೆ ಹೂ ಬಿಡಿಸುವ ತಾಯಂದಿರು ಯಾಕೆ ಮುಂದೆ ಬರಲಿಲ್ಲ?

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1904-05ರಲ್ಲಿ ಒಂದು ಪ್ರಸಿದ್ಧ ವಾದ ಮಂಡಿಸಿದರು. ಪ್ರಾಟೆಸ್ಟೆಂಟರು ತಮ್ಮ ಕಸುಬನ್ನು ದೇವರು ಒಪ್ಪಿಸಿದ ಕೆಲಸವೆಂದು ತಿಳಿದರು. ದುಡಿದರು, ದುಂದು ಮಾಡಲಿಲ್ಲ, ಉಳಿದದ್ದನ್ನು ಮತ್ತೆ ವ್ಯಾಪಾರಕ್ಕೆ ಹಾಕಿದರು. ಬಂಡವಾಳಶಾಹಿ ಬೆಳೆಯಲು ಈ ಮನೋಭಾವ ನೆರವಾಯಿತು ಎಂದರು. ನಮಗಿದು ಹೊಸದೇನಲ್ಲ. 12ನೇ ಶತಮಾನದಲ್ಲೇ ಬಸವಣ್ಣನವರ ಕಾಲದ ಶರಣರು ಕಾಯಕವನ್ನು ಪೂಜೆಯ ಮಟ್ಟಕ್ಕೆ ಏರಿಸಿದ್ದರು. ಆದರೆ ಅಲ್ಲಿ ಗಳಿಕೆ ದಾಸೋಹಕ್ಕೆ ಹೋಗುತ್ತಿತ್ತು.

ಕನ್ನಡ ನಾಡಿನಲ್ಲಿ ಪ್ರಾಟೆಸ್ಟೆಂಟ್ ದುಡಿಮೆಯನ್ನು ನೋಡಬೇಕಾದರೆ ಮಂಗಳೂರಿಗೆ ಹೋಗಬೇಕು. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಅಲ್ಲಿಗೆ ಬಂತು. ಮತಾಂತರವಾದವರು ಜಾತಿಯ ಜೊತೆ ಕಸುಬನ್ನೂ ಕಳೆದುಕೊಂಡರು. ಅವರಿಗೆ ಅನ್ನದ ದಾರಿ ಬೇಕಿತ್ತು. ಹಾಗಾಗಿ ಮಿಷನ್ ನೇಯ್ಗೆ ಕಲಿಸಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ನಮ್ಮ ಎಷ್ಟೋ ಹಳೆಯ ಶಾಲೆಗಳ ಮಾಡಿನ ಮೇಲಿರುವ ಮಂಗಳೂರು ಹೆಂಚಿನ ಕಥೆ ಹೀಗೆ ಶುರುವಾಯಿತು. ಮುಂದೆ ಬೇರೆ ಮತಗಳವರೂ ಕಾರ್ಖಾನೆ ಕಟ್ಟಿ ಬೆಳೆದರು. ಅಂದರೆ ಆ ಶಿಸ್ತು, ಆ ಕೌಶಲ ಒಂದೇ ಮತದ ಸ್ವತ್ತಾಗಿ ಉಳಿಯಲಿಲ್ಲ.

ಇನ್ನೊಂದು ಮಾತಿದೆ. ಮಿಷನ್ ಬರೀ ಕಾರ್ಖಾನೆ ಕಟ್ಟಲಿಲ್ಲ. ಶಾಲೆ ತೆರೆಯಿತು, 1841ರಲ್ಲಿ ಮುದ್ರಣಾಲಯ ಹಾಕಿತು. 1843ರಲ್ಲಿ ಮೋಗ್ಲಿಂಗ್ ಅವರ 'ಮಂಗಳೂರು ಸಮಾಚಾರ' ಹೊರಬಂತು. ಕನ್ನಡದ ಮೊದಲ ಪತ್ರಿಕೆ ಅದು. ಬೆಕರ್ ಮತ್ತು ವೋಸ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 19ನೇ ಶತಮಾನದ ಪ್ರಷ್ಯದ ಅಂಕಿಅಂಶ ಪರಿಶೀಲಿಸಿ 2009ರಲ್ಲಿ ಹೇಳಿದ್ದೂ ಇದನ್ನೇ: ಬೈಬಲ್ ಓದಬೇಕೆಂದು ಪ್ರಾಟೆಸ್ಟೆಂಟರು ಅಕ್ಷರ ಕಲಿತರು, ಅವರ ಏಳಿಗೆಗೆ ದೊಡ್ಡ ಕಾರಣ ಆ ಅಕ್ಷರವೇ.

ಹೂ ಬಿಡಿಸುವ ತಾಯಿಗೆ ದುಡಿಮೆಯ ಪಾಠ ಹೇಳುವ ಅಗತ್ಯವಿಲ್ಲ. ಅದನ್ನು ಅವಳಿಂದ ನಾವೇ ಕಲಿಯಬೇಕು. ಅವಳಿಗೆ ಸಿಗದೆ ಹೋದದ್ದು ಅಕ್ಷರ, ಕೌಶಲ, ಕೈಯಲ್ಲಿ ನಾಲ್ಕು ಕಾಸಿನ ಬಂಡವಾಳ. ಬಡವರು ಸೋಮಾರಿಗಳು ಎಂಬ ಮಾತು ತರಗತಿಯೊಳಗೆ ಬಾರದಿರಲಿ. ಅವಳ ಮಗು ನಾಳೆ ನಮ್ಮ ಬೆಂಚಿನ ಮೇಲೆ ಕೂತಾಗ ಓದು ಬರಹ ಗಟ್ಟಿಯಾಗಿ ಕಲಿಸೋಣ. ನಮ್ಮ ಕಾಯಕ ಅದೇ ಅಲ್ಲವೇ?