ಪ್ರಾರ್ಥನೆ ಮತ್ತು ಧ್ಯಾನ: ಸಂಪಿಗೆ ಸೀಮೆಯ ಪರಂಪರೆ

ಪ್ರಾರ್ಥನೆ ಎಂದರೆ ತನಗಿಂತ ಹಿರಿದಾದ ಶಕ್ತಿಯ ಮುಂದೆ ಮನುಷ್ಯ ತನ್ನ ಅಳಲು, ಬಯಕೆ, ಕೃತಜ್ಞತೆ, ಶರಣಾಗತಿಗಳನ್ನು ತೋಡಿಕೊಳ್ಳುವುದು. ಧ್ಯಾನ ಎಂದರೆ ಹರಿದಾಡುವ ಮನಸ್ಸನ್ನು ಒಂದು ನೆಲೆಯಲ್ಲಿ ನಿಲ್ಲಿಸುವ ಸಾಧನೆ. ಮೊದಲನೆಯದರಲ್ಲಿ ಮಾತಿಗೆ, ಎರಡನೆಯದರಲ್ಲಿ ಮೌನಕ್ಕೆ ಹೆಚ್ಚಿನ ಸ್ಥಾನ. ಜಪ, ಭಜನೆ, ಇಷ್ಟಲಿಂಗ ಪೂಜೆಗಳಲ್ಲಿ ಎರಡೂ ಬೆರೆತಿರುತ್ತವೆ. ಕಷ್ಟ ಬಂದಾಗ ತಾಳಿಕೊಳ್ಳುವ ಬಲಕ್ಕಾಗಿಯೂ ಅಂತರಂಗದ ಏಳಿಗೆಗಾಗಿಯೂ ಜನ ಇವೆರಡನ್ನು ಆಶ್ರಯಿಸುತ್ತಾರೆ. ತುಮಕೂರು ಜಿಲ್ಲೆ ತುರುವೇಕೆರೆ ತಾಲ್ಲೂಕಿನ ಸಂಪಿಗೆ ಮತ್ತು ಅದರ ಆಸುಪಾಸಿನ ತಿಪಟೂರು, ಚಿಕ್ಕನಾಯಕನಹಳ್ಳಿ, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಈ ಎರಡು ಉದ್ದೇಶಗಳಿಗೂ ದೀರ್ಘವಾದ ಪರಂಪರೆಯಿದೆ. ಪುರಾಣಕಥೆ, ಹರಕೆ, ಶಿವಯೋಗ, ಮಠದ ಸಾಮೂಹಿಕ ಪ್ರಾರ್ಥನೆ, ಹೊಸಗನ್ನಡ ಕಾವ್ಯ ಹೀಗೆ ಅದು ಹಲವು ರೂಪಗಳಲ್ಲಿ ಹರಿದುಬಂದಿದೆ. ಪ್ರಾರ್ಥನೆ ಮತ್ತು ಧ್ಯಾನಗಳು ಮನುಷ್ಯನನ್ನು ಬದುಕಿನಿಂದ ದೂರ ಒಯ್ಯದೆ ಮತ್ತೆ ಅವನ ಕೆಲಸಕ್ಕೇ ಮರಳಿಸುತ್ತವೆ ಎಂಬುದು ಈ ಪರಂಪರೆಯ ಮುಖ್ಯ ಲಕ್ಷಣ.

ತಾತ್ವಿಕ ಹಿನ್ನೆಲೆ

ಭಗವದ್ಗೀತೆಯ 7ನೆಯ ಅಧ್ಯಾಯ ಭಕ್ತರನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಸಂಕಟಕ್ಕೆ ಸಿಕ್ಕು ಮೊರೆಯಿಡುವವನು ಆರ್ತ, ತಿಳಿಯಬೇಕೆಂಬ ಹಂಬಲದಿಂದ ಬರುವವನು ಜಿಜ್ಞಾಸು, ಬೇಕಾದುದನ್ನು ಕೇಳಿಕೊಳ್ಳುವವನು ಅರ್ಥಾರ್ಥಿ, ಏನನ್ನೂ ಬೇಡದೆ ಭಜಿಸುವವನು ಜ್ಞಾನಿ. ಜ್ಞಾನಿಯನ್ನು ಮೇಲೆಂದು ಎಣಿಸಿದರೂ ಉಳಿದ ಮೂವರನ್ನೂ ಗೀತೆ ಉದಾರರೆಂದೇ ಕರೆಯುತ್ತದೆ. ಕಷ್ಟದಲ್ಲಿ ದೇವರನ್ನು ನೆನೆಯುವುದು ಕೀಳಲ್ಲ, ಅದು ದಾರಿಯ ಆರಂಭ ಎಂಬ ನಿಲುವು ಇದರಲ್ಲಿದೆ. ಪತಂಜಲಿಯ ಯೋಗಸೂತ್ರಗಳು ಯೋಗದ ಎಂಟು ಅಂಗಗಳಲ್ಲಿ ಕೊನೆಯ ಮೂರನ್ನು ಧಾರಣ, ಧ್ಯಾನ, ಸಮಾಧಿ ಎಂದು ಹೇಳುತ್ತವೆ. ಮನಸ್ಸನ್ನು ಒಂದೆಡೆ ಕಟ್ಟುವುದು ಧಾರಣ. ಆ ಅರಿವು ಕಡಿಯದೆ ಹರಿಯುವುದು ಧ್ಯಾನ.

ಜೈನರಲ್ಲಿ ಸಾಮಾಯಿಕ ಎಂಬ ನಿತ್ಯವಿಧಿಯಿದೆ. ಒಂದು ಮುಹೂರ್ತ, ಅಂದರೆ 48 ನಿಮಿಷ, ರಾಗದ್ವೇಷಗಳನ್ನು ಬದಿಗಿಟ್ಟು ಸಮಭಾವದಲ್ಲಿ ಕುಳಿತುಕೊಳ್ಳುವುದು ಅದರ ಕ್ರಮ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಬಸದಿ ಈ ಸೀಮೆಯಲ್ಲಿ ಜೈನ ಸಾಧನೆ ನೆಲೆಸಿದ್ದಕ್ಕೆ ಹೊಯ್ಸಳ ಕಾಲದ ಸಾಕ್ಷಿ. ಮುಸ್ಲಿಮರ ದಿನಚರಿಯನ್ನು ಐದು ಹೊತ್ತಿನ ನಮಾಜು ಅಳೆಯುತ್ತದೆ. ನಮಾಜಿನ ನಂತರದ ದುವಾದಲ್ಲಿ ವ್ಯಕ್ತಿ ತನ್ನ ಕೋರಿಕೆಯನ್ನು ಹೇಳಿಕೊಳ್ಳುತ್ತಾನೆ. ದೇವರ ಹೆಸರನ್ನು ಮತ್ತೆ ಮತ್ತೆ ಸ್ಮರಿಸುವ ಜಿಕ್ರ್ ಸೂಫಿಗಳ ಮುಖ್ಯ ಸಾಧನೆ.

ಸುಧನ್ವನ ಕಥೆ

ಸಂಪಿಗೆಯೇ ಪುರಾಣದ ಚಂಪಕಾಪುರಿ ಎಂಬುದು ಸ್ಥಳೀಯ ಪ್ರತೀತಿ. ಹಂಸಧ್ವಜ ರಾಜನ ಮಗ ಸುಧನ್ವನ ಕಥೆ ಈ ಊರಿನೊಂದಿಗೆ ಹೆಣೆದುಕೊಂಡಿದೆ. ಕಡೂರು ತಾಲ್ಲೂಕಿನ ದೇವನೂರಿನ ಕವಿ ಲಕ್ಷ್ಮೀಶನ ‘ಜೈಮಿನಿ ಭಾರತ’ದ ಮೂಲಕ ಆ ಕಥೆ ಕನ್ನಡಿಗರಿಗೆ ಚಿರಪರಿಚಿತವಾಯಿತು. ವಾರ್ಧಕ ಷಟ್ಪದಿಯಲ್ಲಿರುವ ಈ ಕಾವ್ಯದ ಗಮಕವಾಚನ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಬಹುಕಾಲ ರೂಢಿಯಲ್ಲಿತ್ತು.

ಧರ್ಮರಾಯನ ಅಶ್ವಮೇಧದ ಕುದುರೆ ಚಂಪಕಾಪುರಿಗೆ ಬಂದಾಗ ಹಂಸಧ್ವಜ ಅದನ್ನು ಕಟ್ಟಿಸುತ್ತಾನೆ. ಯುದ್ಧಕ್ಕೆ ತಡವಾಗಿ ಬಂದವರನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಿಸುವುದಾಗಿ ಸಾರುತ್ತಾನೆ. ಹೆಂಡತಿ ಪ್ರಭಾವತಿಯ ಬಳಿ ತಡಮಾಡಿದ ಸುಧನ್ವನೇ ತಪ್ಪಿತಸ್ಥನಾಗುತ್ತಾನೆ. ಮಾತಿಗೆ ತಪ್ಪಬಾರದೆಂದು ಪುರೋಹಿತರಾದ ಶಂಖ ಮತ್ತು ಲಿಖಿತರು ಪಟ್ಟು ಹಿಡಿಯುತ್ತಾರೆ. ಕೊಪ್ಪರಿಗೆಗೆ ಬಿದ್ದ ಸುಧನ್ವ ಕೃಷ್ಣನನ್ನು ನೆನೆಯುತ್ತಾನೆ; ಎಣ್ಣೆ ಅವನನ್ನು ಸುಡುವುದಿಲ್ಲ. ಎಣ್ಣೆ ನಿಜವಾಗಿ ಕಾದಿದೆಯೇ ಎಂದು ನೋಡಲು ತೆಂಗಿನಕಾಯಿಯೊಂದನ್ನು ಹಾಕಿದಾಗ ಅದು ಸಿಡಿದು, ಹೋಳುಗಳು ಶಂಖ ಲಿಖಿತರಿಗೇ ಬಡಿಯುತ್ತವೆ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಬದುಕಿ ಬಂದ ಸುಧನ್ವ ರಣರಂಗಕ್ಕೆ ಹೋಗುತ್ತಾನೆ, ವೀರಾವೇಶದಿಂದ ಕಾದಾಡುತ್ತಾನೆ, ಕೊನೆಗೆ ಕೃಷ್ಣನ ಕಣ್ಣೆದುರಿನಲ್ಲೇ ಅರ್ಜುನನ ಕೈಯಲ್ಲಿ ಮಡಿಯುತ್ತಾನೆ. ಪ್ರಾರ್ಥನೆ ಅವನನ್ನು ಯುದ್ಧದಿಂದ ಬಿಡಿಸಲಿಲ್ಲ, ಮರಣವನ್ನೂ ತಪ್ಪಿಸಲಿಲ್ಲ. ಅದು ಅವನಿಗೆ ಕೊಟ್ಟದ್ದು ಭಯವಿಲ್ಲದ ಮನಸ್ಸು ಮತ್ತು ತನ್ನ ಕರ್ತವ್ಯಕ್ಕೆ ಮರಳುವ ಅವಕಾಶ. ಕಷ್ಟಕಾಲದ ಪ್ರಾರ್ಥನೆ ಏನನ್ನು ಕೊಡಬಲ್ಲದು ಎಂಬ ಪ್ರಶ್ನೆಗೆ ಈ ಸೀಮೆಯ ಅತಿ ಹಳೆಯ ಉತ್ತರಗಳಲ್ಲಿ ಇದೊಂದು.

ಹರಕೆ ಮತ್ತು ಮೊರೆ

ತೆಂಗು ಬೆಳೆಯುವ ಸೀಮೆಯಲ್ಲಿ ಕಾಯುವುದು ಬದುಕಿನ ಭಾಗ. ನೆಟ್ಟ ಸಸಿ ಫಲಕ್ಕೆ ಬರಲು ವರ್ಷಗಳು ಬೇಕು. ಕಿತ್ತ ಕಾಯಿ ಅಟ್ಟದ ಮೇಲೆ ಒಣಗಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಹಿಡಿಯುತ್ತದೆ. ಆ ಮೇಲೂ ತಿಪಟೂರಿನ ಮಾರುಕಟ್ಟೆಯ ದರ ಬೆಳೆಗಾರನ ಕೈಯಲ್ಲಿಲ್ಲ. ಮಳೆ ಕೈಕೊಡುವುದು, ಕೊಳವೆಬಾವಿ ಬತ್ತುವುದು, ನುಸಿ ಮತ್ತು ಕಪ್ಪುತಲೆ ಹುಳುವಿನ ಕಾಟ ಇವೆಲ್ಲ ಮನೆಯ ನೆಮ್ಮದಿಯನ್ನು ಕಲಕುತ್ತವೆ. ತಮ್ಮ ಪ್ರಯತ್ನ ಮುಗಿದು ಕೈಮೀರಿದ್ದು ಉಳಿದಾಗ ಜನ ದೇವರಲ್ಲಿ ಮೊರೆಯಿಡುತ್ತಾರೆ.

ಈ ಮೊರೆಗೆ ಸಾಮಾನ್ಯ ರೂಪ ಹರಕೆ. ಕಾಯಿಲೆ ವಾಸಿಯಾದರೆ, ಮಗಳ ಮದುವೆ ಕೂಡಿಬಂದರೆ, ಬಾವಿಯಲ್ಲಿ ನೀರು ಬಂದರೆ ಈಡುಗಾಯಿ ಹೊಡೆಸುತ್ತೇನೆ, ಮುಡಿ ಕೊಡುತ್ತೇನೆ, ಅನ್ನಸಂತರ್ಪಣೆ ಮಾಡಿಸುತ್ತೇನೆ ಎಂದು ಹೇಳಿಕೊಂಡು ಕಾಸನ್ನು ಅರಿಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ಇಡುವುದುಂಟು. ನಿರ್ಧಾರ ತೋಚದಾಗ ದೇವರ ಮುಂದೆ ಹೂ ಕೇಳುತ್ತಾರೆ. ಬಲಗಡೆಯಿಂದ ಹೂ ಬಿದ್ದರೆ ಅಪ್ಪಣೆಯಾಯಿತೆಂದು ಭಾವಿಸುತ್ತಾರೆ. ತಿಪಟೂರಿನ ಗ್ರಾಮದೇವತೆ ಕೆಂಪಮ್ಮ ಇಂಥ ಅರಿಕೆಗಳನ್ನು ಕೇಳುವ ತಾಯಿ. ತಿಪಟೂರು ತಾಲ್ಲೂಕಿನ ದಸರೀಘಟ್ಟದ ಚೌಡೇಶ್ವರಿಯ ಸನ್ನಿಧಿಗೆ ದೂರದೂರದಿಂದ ಜನ ತಮ್ಮ ತೊಡಕುಗಳನ್ನು ಹೊತ್ತು ಬರುತ್ತಾರೆ. ಅಲ್ಲಿ ದೇವಿಯ ಕಳಶದ ತುದಿಯಿಂದ ಮೂಡುವ ಅಕ್ಷರಗಳನ್ನು ಪ್ರಶ್ನೆಗೆ ಉತ್ತರವೆಂದು ಓದುತ್ತಾರೆ. ಬರಗಾಲದಲ್ಲಿ ಇಡೀ ಊರು ಒಂದಾಗಿ ಬೇಡುವುದೂ ಉಂಟು. ಮಳೆರಾಯನ ಮಣ್ಣಿನ ಮೂರ್ತಿಯನ್ನು ಮಕ್ಕಳು ಮನೆಮನೆಗೆ ಹೊತ್ತು ಹಾಡಿ, ಸಿಕ್ಕ ದವಸದಿಂದ ಅಡುಗೆ ಮಾಡಿ ಹಂಚುವ ಆಚರಣೆ ಹಳೆಯ ಮೈಸೂರಿನಲ್ಲಿ ಪ್ರಸಿದ್ಧ.

ಹರಕೆಯನ್ನು ಬರಿಯ ಕೊಡುಕೊಳ್ಳುವ ವ್ಯವಹಾರವೆಂದು ಕಾಣುವುದು ಸರಿಯಲ್ಲ. ಅದು ಹೇಳಲಾಗದ ದುಃಖಕ್ಕೆ ಮಾತು ಕೊಡುತ್ತದೆ, ಕಾಯುವ ಅವಧಿಗೆ ಒಂದು ಗುರಿ ಇಡುತ್ತದೆ. ಹರಕೆ ತೀರಿಸುವ ದಿನ ನೆಂಟರೂ ನೆರೆಯವರೂ ಕೂಡಿ ಊಟ ಮಾಡುವುದರಿಂದ ಒಬ್ಬರ ಸಂಕಟ ಹಲವರ ಪಾಲಾಗಿ ಹಗುರಾಗುತ್ತದೆ.

ತೋಂಟದ ಸಿದ್ಧಲಿಂಗರು

ಈ ಸೀಮೆಯ ಧ್ಯಾನಪರಂಪರೆಯ ಕೇಂದ್ರವ್ಯಕ್ತಿ 15–16ನೆಯ ಶತಮಾನದ ತೋಂಟದ ಸಿದ್ಧಲಿಂಗ ಯತಿ. ಇಂದಿನ ಚಾಮರಾಜನಗರದ ಬಳಿಯ ಹರದನಹಳ್ಳಿಯಲ್ಲಿ ಹುಟ್ಟಿದ ಇವರು ಗೋಸಲ ಚನ್ನಬಸವೇಶ್ವರರ ಶಿಷ್ಯರು. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯಲ್ಲಿ ನಾಗಿನಿ ನದಿಯ ದಡದ ತೋಟವೊಂದರಲ್ಲಿ ಹನ್ನೆರಡು ವರ್ಷ ಶಿವಯೋಗದಲ್ಲಿ ಕುಳಿತಿದ್ದರೆಂದೂ ಮೈಮೇಲೆ ಹುತ್ತ ಬೆಳೆಯಿತೆಂದೂ ಹಸುವೊಂದು ಆ ಹುತ್ತಕ್ಕೆ ಹಾಲು ಸುರಿಸುತ್ತಿದ್ದುದರಿಂದ ಅವರಿರುವುದು ಊರವರಿಗೆ ತಿಳಿಯಿತೆಂದೂ ಐತಿಹ್ಯ. ತೋಂಟದ ಎಂಬ ವಿಶೇಷಣ ಬಂದದ್ದು ಈ ತಪಸ್ಸಿನಿಂದ.

ತಪಸ್ಸಿನಿಂದ ಎದ್ದ ಮೇಲಿನ ಅವರ ಬದುಕು ಗಮನಾರ್ಹ. ಅವರು ತೋಟದಲ್ಲೇ ಉಳಿಯದೆ ಶಿಷ್ಯರ ದೊಡ್ಡ ಬಳಗದೊಂದಿಗೆ ಸಂಚರಿಸಿ ಬೋಧಿಸಿದರು. ‘ಷಟ್‌ಸ್ಥಲ ಜ್ಞಾನಸಾರಾಮೃತ’ ಎಂಬ ಕೃತಿಯಲ್ಲಿ 701 ವಚನಗಳನ್ನು ರಚಿಸಿದರು. 12ನೆಯ ಶತಮಾನದ ಶರಣರ ವಚನಗಳನ್ನು ಕೂಡಿಸಿ, ಸ್ಥಲಕ್ಕೆ, ಅಂದರೆ ಸಾಧನೆಯ ನೆಲೆಗೆ ಅಳವಡಿಸಿ, ಅರ್ಥ ಹೇಳುವ ಕೆಲಸ ಅವರ ಪರಂಪರೆಯಲ್ಲಿ ಹುರುಪಿನಿಂದ ನಡೆಯಿತು. ಅಲ್ಲಮಪ್ರಭುವನ್ನು ಕೇಂದ್ರವಾಗಿಟ್ಟುಕೊಂಡ ‘ಶೂನ್ಯಸಂಪಾದನೆ’ಯ ಸಂಕಲನಕಾರರಲ್ಲಿ ತುಮಕೂರಿನ ಬಳಿಯ ಗೂಳೂರಿನ ಸಿದ್ಧವೀರಣ್ಣೊಡೆಯರೂ ಒಬ್ಬರು. ಒಬ್ಬನ ಏಕಾಂತದ ಧ್ಯಾನ ಒಂದು ಸಾಹಿತ್ಯಯುಗಕ್ಕೆ ಪ್ರೇರಣೆಯಾದುದಕ್ಕೆ ಇದು ದೊಡ್ಡ ನಿದರ್ಶನ. ಸಿದ್ಧಲಿಂಗರು ನಿರ್ವಿಕಲ್ಪ ಸಮಾಧಿ ಹೊಂದಿದರೆಂದು ನಂಬಲಾಗುವ ಎಡೆಯೂರಿನ ಗದ್ದುಗೆ ಇಂದು ಎಲ್ಲ ಜಾತಿಮತದವರ ಯಾತ್ರಾಸ್ಥಳ.

ಇಷ್ಟಲಿಂಗದ ಸಾಧನೆ

ಲಿಂಗಾಯತ ಮನೆಗಳಲ್ಲಿ ಪ್ರಾರ್ಥನೆ ಮತ್ತು ಧ್ಯಾನಗಳನ್ನು ಒಂದುಗೂಡಿಸುವ ನಿತ್ಯಕ್ರಮ ಇಷ್ಟಲಿಂಗ ಪೂಜೆ. ಮಿಂದು ವಿಭೂತಿ ಧರಿಸಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ನೀರು ಪತ್ರೆ ಪುಷ್ಪಗಳನ್ನು ಅರ್ಪಿಸಿ, ಕಣ್ಣೆವೆ ಅಲುಗದಂತೆ ನೋಡುತ್ತ ‘ಓಂ ನಮಃ ಶಿವಾಯ’ ಮಂತ್ರವನ್ನು ಜಪಿಸುವುದು ಇದರ ಸ್ಥೂಲ ವಿಧಾನ. ಪೂಜಾರಿ, ಗುಡಿ, ಮುಹೂರ್ತಗಳ ಹಂಗಿಲ್ಲದ ಈ ಸಾಧನೆ ಹೆಣ್ಣು ಗಂಡೆಂಬ ಭೇದವಿಲ್ಲದೆ ದೀಕ್ಷೆ ಪಡೆದ ಎಲ್ಲರಿಗೂ ಸಲ್ಲುತ್ತದೆ.

ಸಾಧಕನ ಬೆಳವಣಿಗೆಯನ್ನು ಷಟ್‌ಸ್ಥಲ ಸಿದ್ಧಾಂತ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ನೆಲೆಗಳಲ್ಲಿ ವಿವರಿಸುತ್ತದೆ. ನಂಬಿಕೆಯಿಂದ ಹೊರಟು, ನಿಷ್ಠೆ ಗಟ್ಟಿಯಾಗಿ, ಬಂದುದನ್ನೆಲ್ಲ ಪ್ರಸಾದವೆಂದು ಸ್ವೀಕರಿಸುವ ಹದಕ್ಕೆ ಏರಿ, ಹೊರಗಿನ ಲಿಂಗವನ್ನು ಉಸಿರಿನಲ್ಲೇ ಕಂಡು, ಕೊನೆಗೆ ಬೇಡುವವನೂ ಕೊಡುವವನೂ ಬೇರೆಯಲ್ಲ ಎಂಬ ಅರಿವಿನಲ್ಲಿ ನೆಲೆಗೊಳ್ಳುವುದು ಈ ದಾರಿ. ಕಷ್ಟವನ್ನು ತಾಳಿಕೊಳ್ಳುವ ಶಕ್ತಿ ಮೂರನೆಯ ನೆಲೆಯಾದ ಪ್ರಸಾದಿಯ ಗುಣವಾಗಿ ಇಲ್ಲಿ ಮೂಡುತ್ತದೆ. ಇದರ ಜೊತೆಗೆ ಕಾಯಕ ಮತ್ತು ದಾಸೋಹ ಕಡ್ಡಾಯ. ದುಡಿಮೆಯೂ ಹಂಚಿಕೆಯೂ ಇಲ್ಲದ ಪೂಜೆಯನ್ನು ಶರಣರು ಒಪ್ಪಲಿಲ್ಲ.

ಸಾಮೂಹಿಕ ಪ್ರಾರ್ಥನೆ

ಪೂಜೆಯೊಂದಿಗೆ ಕಾಯಕ ದಾಸೋಹಗಳೂ ಬೇಕೆಂಬ ಈ ತತ್ವ ಸಂಸ್ಥೆಯ ರೂಪದಲ್ಲಿ ಕಾಣಸಿಗುವುದು ತುಮಕೂರಿನ ಸಿದ್ಧಗಂಗಾ ಮಠದಲ್ಲಿ. 1907ರ ಏಪ್ರಿಲ್ 1ರಂದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಜನಿಸಿದ ಶಿವಕುಮಾರ ಸ್ವಾಮಿಗಳು 1930ರಲ್ಲಿ ಸನ್ಯಾಸ ಸ್ವೀಕರಿಸಿ, 1941ರಲ್ಲಿ ಮಠದ ಹೊಣೆ ಹೊತ್ತು, 2019ರ ಜನವರಿ 21ರಂದು ತೀರಿಕೊಳ್ಳುವವರೆಗೂ ಮಠದೊಂದಿಗೇ ಬಾಳಿದರು. ಬೆಳಗಿನ ಜಾವದ ಇಷ್ಟಲಿಂಗ ಪೂಜೆಯಿಂದ ಅವರ ದಿನ ಆರಂಭವಾಗುತ್ತಿತ್ತು. ಆ ಮೇಲೆ ದಿನವಿಡೀ ದುಡಿಮೆ. ಉಚಿತ ಊಟ, ವಸತಿ, ವಿದ್ಯೆ ಪಡೆಯುವ ನಾನಾ ಜಾತಿಮತಗಳ ಸಾವಿರಾರು ಮಕ್ಕಳು ಬೆಳಿಗ್ಗೆ ಮತ್ತು ಸಂಜೆ ಮಠದ ಅಂಗಳದಲ್ಲಿ ಸಾಲಾಗಿ ಕುಳಿತು ಪ್ರಾರ್ಥಿಸುತ್ತಾರೆ. ಮನೆ ಬಿಟ್ಟು ಬಂದ ಹುಡುಗನಿಗೆ ಅಷ್ಟು ದನಿಗಳ ನಡುವೆ ತನ್ನ ದನಿಯನ್ನು ಸೇರಿಸುವುದೇ ಒಂಟಿತನಕ್ಕೆ ಮದ್ದು. ಬಡಕುಟುಂಬಗಳ ಎಷ್ಟೋ ಮಕ್ಕಳು ಓದಿನೊಂದಿಗೆ ಈ ಶಿಸ್ತನ್ನೂ ಇಲ್ಲಿಂದ ಬದುಕಿಗೆ ಒಯ್ದಿದ್ದಾರೆ.

ಹೊಸಗನ್ನಡದ ಪ್ರಾರ್ಥನೆ

ಹೊಸಗನ್ನಡ ಕಾವ್ಯದ ದಾರಿಯನ್ನು ತೆರೆದ ಬಿ. ಎಂ. ಶ್ರೀಕಂಠಯ್ಯನವರು 1884ರ ಜನವರಿ 3ರಂದು ಹುಟ್ಟಿದ್ದು ಸಂಪಿಗೆಯಲ್ಲಿ. 1926ರಲ್ಲಿ ಪ್ರಕಟವಾದ ಅವರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿರುವ ‘ಕರುಣಾಳು ಬಾ ಬೆಳಕೆ’ ಕನ್ನಡಿಗರು ಅತಿ ಹೆಚ್ಚು ಹಾಡಿರುವ ಪ್ರಾರ್ಥನೆಗಳಲ್ಲಿ ಒಂದು. ಅದರ ಮೂಲ ಇಂಗ್ಲೆಂಡಿನ ಪಾದ್ರಿ ಜಾನ್ ಹೆನ್ರಿ ನ್ಯೂಮನ್ 1833ರಲ್ಲಿ ಬರೆದ ಕವಿತೆ. ಸಿಸಿಲಿಯಲ್ಲಿ ಕಠಿಣ ಜ್ವರದಿಂದ ಚೇತರಿಸಿಕೊಂಡು ಊರಿಗೆ ಮರಳುತ್ತಿದ್ದಾಗ, ಗಾಳಿಯಿಲ್ಲದೆ ಹಡಗು ನಡುಗಡಲಿನಲ್ಲಿ ನಿಂತಿದ್ದ ಹೊತ್ತಿನಲ್ಲಿ ಅವರು ಅದನ್ನು ರಚಿಸಿದರು. ದೂರದ ಗುರಿಯೆಲ್ಲ ಕಾಣಬೇಕೆಂದು ಅದು ಕೇಳುವುದಿಲ್ಲ. ಮುಂದಿನ ಹೆಜ್ಜೆಗೆ ಸಾಲುವಷ್ಟು ಬೆಳಕನ್ನು ಕೋರುತ್ತದೆ. ಗಾಂಧೀಜಿಗೆ ಪ್ರಿಯವಾಗಿದ್ದ ಈ ಗೀತೆಯಲ್ಲಿ ಯಾವ ದೇವರ ಹೆಸರೂ ಇಲ್ಲದಿರುವುದರಿಂದ ಅದರ ಕನ್ನಡ ರೂಪವನ್ನು ಎಲ್ಲ ಮತದವರೂ ಶಾಲೆಗಳಲ್ಲಿ, ಸಭೆಗಳಲ್ಲಿ, ಶೋಕದ ಮನೆಗಳಲ್ಲಿ ತಮ್ಮದೆಂದೇ ಹಾಡುತ್ತಾರೆ.

ಆಧುನಿಕ ಅಧ್ಯಯನಗಳು

1970ರ ದಶಕದಿಂದ ವೈದ್ಯವಿಜ್ಞಾನ ಈ ಸಾಧನೆಗಳತ್ತ ಗಮನ ಹರಿಸಿದೆ. ಅಮೆರಿಕದ ವೈದ್ಯ ಹರ್ಬರ್ಟ್ ಬೆನ್ಸನ್ 1975ರಲ್ಲಿ, ಒಂದು ಪದವನ್ನು ಪುನರಾವರ್ತಿಸುತ್ತ ಕುಳಿತಾಗ ಎದೆಬಡಿತ ಮತ್ತು ಉಸಿರಾಟ ನಿಧಾನವಾಗುವ ದೇಹಸ್ಥಿತಿಯನ್ನು ವಿವರಿಸಿದರು. ಜಾನ್ ಕಬಟ್–ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದಲ್ಲಿ ಎಚ್ಚರದ ಧ್ಯಾನವನ್ನು ರೋಗಿಗಳಿಗೆ ಕಲಿಸುವ ಕಾರ್ಯಕ್ರಮ ಆರಂಭಿಸಿದರು. 2001ರ ಒಂದು ಇಟಾಲಿಯನ್ ಅಧ್ಯಯನ ಕ್ರೈಸ್ತ ಜಪಮಾಲೆಯ ಪ್ರಾರ್ಥನೆ ಮತ್ತು ಬೌದ್ಧ ಮಂತ್ರ ಎರಡೂ ಉಸಿರನ್ನು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಸುತ್ತವೆ ಎಂದು ಕಂಡುಕೊಂಡಿತು. 47 ಪ್ರಯೋಗಗಳನ್ನು ಪರಿಶೀಲಿಸಿದ 2014ರ ಸಮೀಕ್ಷೆಯೊಂದು, ಧ್ಯಾನದಿಂದ ಆತಂಕ, ಖಿನ್ನತೆ, ನೋವುಗಳಲ್ಲಿ ಸಾಧಾರಣ ಮಟ್ಟದ ಸುಧಾರಣೆ ಸಾಧ್ಯವೆಂದು ತಿಳಿಸಿತು.

ಮನಃಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಕಷ್ಟಕಾಲದ ಧಾರ್ಮಿಕ ನಡವಳಿಕೆಯನ್ನು ವಿಂಗಡಿಸಿದ್ದಾರೆ. ಎಲ್ಲವನ್ನೂ ದೇವರ ಮೇಲೆ ಬಿಟ್ಟು ಕೂರುವುದು ಒಂದು ಬಗೆ, ತಾನೇ ಎಲ್ಲವನ್ನೂ ನಿಭಾಯಿಸುವುದು ಇನ್ನೊಂದು, ದೇವರನ್ನು ಜೊತೆಗಾರನೆಂದು ನೆಚ್ಚಿ ತಾನೂ ಶ್ರಮಿಸುವುದು ಮೂರನೆಯದು. ಸುಧನ್ವನ ಕಥೆ ಮತ್ತು ಕಾಯಕದ ತತ್ವ ಎರಡೂ ಈ ಮೂರನೆಯ ಬಗೆಗೆ ಹತ್ತಿರ. ದೇವರು ತನ್ನನ್ನು ಶಿಕ್ಷಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ ಎಂಬ ಭಾವನೆ ಸಂಕಟವನ್ನು ಹೆಚ್ಚಿಸುತ್ತದೆ ಎಂಬುದನ್ನೂ ಅವರು ತೋರಿಸಿದ್ದಾರೆ.

ಮಿತಿಗಳು

ಬೇರೆಯವರು ಸಲ್ಲಿಸಿದ ಪ್ರಾರ್ಥನೆಯಿಂದ ರೋಗಿ ಗುಣವಾಗುತ್ತಾನೆಯೇ ಎಂದು ಪರೀಕ್ಷಿಸಿದ ದೊಡ್ಡ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳಿದ್ದ ಈ ಅಧ್ಯಯನದಲ್ಲಿ ಅಂಥ ಪ್ರಯೋಜನ ಕಂಡುಬರಲಿಲ್ಲ. ಪ್ರಾರ್ಥನೆ ಔಷಧಕ್ಕೆ ಬದಲಿಯಲ್ಲ. ತೀವ್ರ ಮನೋರೋಗ ಇರುವವರಿಗೆ ದೀರ್ಘ ಧ್ಯಾನ ತೊಂದರೆ ಕೊಡಬಹುದು. ಅಂಥವರು ವೈದ್ಯರ ಸಲಹೆಯಂತೆ ನಡೆಯಬೇಕು. ನಿದ್ರೆ ಕೆಟ್ಟು, ಬದುಕು ಬೇಡವೆನಿಸುವ ಸ್ಥಿತಿಯಲ್ಲಿ ಪ್ರಾರ್ಥನೆಯ ಜೊತೆಗೆ ಚಿಕಿತ್ಸೆಯೂ ಅಗತ್ಯ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ಕನ್ನಡದಲ್ಲೂ ಉಚಿತವಾಗಿ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಬೆಳೆನಷ್ಟ ಮತ್ತು ಸಾಲದಂಥ ಸಂಕಷ್ಟಗಳಿಗೆ ಬೆಲೆ, ನೀರು, ವಿಮೆಗಳ ವ್ಯವಸ್ಥೆಯೇ ಪರಿಹಾರ. ಆ ಪರಿಹಾರಕ್ಕಾಗಿ ಎದೆಗುಂದದೆ ದುಡಿಯುವ, ಹೋರಾಡುವ, ಪರಸ್ಪರ ನೆರವಾಗುವ ಸ್ಥೈರ್ಯವನ್ನು ಮನುಷ್ಯನಲ್ಲಿ ಉಳಿಸುವುದು ಪ್ರಾರ್ಥನೆ ಮತ್ತು ಧ್ಯಾನಗಳ ಪಾಲಿನ ಕೆಲಸ.