ಮುಂಬಯಿಯ ಪದ್ಮಿನಿ: ಹಳತಿಗೂ ಹೊಸತಿಗೂ ಒಂದು ಅಳತೆಗೋಲು

2023ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯು ಮುಂಬಯಿಯ ಬೀದಿಗಳಿಂದ ನಿರ್ಗಮಿಸಿತು. 2003ರ ಅಕ್ಟೋಬರ್ 29ರಂದು ನೋಂದಣಿಯಾಗಿದ್ದ ಕಟ್ಟಕಡೆಯ ಗಾಡಿಗೆ, ಈ ನಗರದ ಟ್ಯಾಕ್ಸಿಗಳಿಗೆ ವಿಧಿಸಲಾಗಿದ್ದ 20 ವರ್ಷಗಳ ಆಯುಷ್ಯ ಆಗ ತೀರಿತು. ಕಪ್ಪು ಹಳದಿ ಬಣ್ಣದ ಆ ಗಾಡಿಗಾಗಿ ಹಲವರು ಮರುಗಿದರು. ಅಂಥ ಗಾಡಿ ಮತ್ತೆ ಹುಟ್ಟಲಾರದೆಂದು ಮೋಟಾರುಪ್ರಿಯರಲ್ಲಿ ಒಂದು ಪಕ್ಷದವರು ಹೇಳಿದರೆ, ಕಾಲ ಮೀರಿ ಉಳಿದಿದ್ದ ಯಂತ್ರವೊಂದು ಕೊನೆಗೂ ತೊಲಗಿತೆಂದು ಇನ್ನೊಂದು ಪಕ್ಷದವರು ಹೇಳಿದರು. ಈ ಎರಡು ಅಭಿಪ್ರಾಯಗಳನ್ನು ತೂಗಿ ನೋಡುವ ಮುನ್ನ ಆ ಗಾಡಿಯ ಪೂರ್ವೇತಿಹಾಸವನ್ನು ಪರಿಶೀಲಿಸುವುದು ಯುಕ್ತ.

1928ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ಮುಂಬಯಿಯಲ್ಲಿ ಕಾರುಗಳನ್ನು ಜೋಡಿಸತೊಡಗಿತು. ಭಾಗಗಳೆಲ್ಲವೂ ಹಡಗಿನಲ್ಲಿ ಬರುತ್ತಿದ್ದವು. ಇಲ್ಲಿಯ ಕೆಲಸಗಾರನ ಪಾಲಿಗೆ ಉಳಿದದ್ದು ಜೋಡಣೆ ಮಾತ್ರ. ಜೋಡಣೆ ಬೇರೆ, ನಿರ್ಮಾಣ ಬೇರೆ ಎಂಬುದನ್ನು ಸ್ಪಷ್ಟವಾಗಿ ಕಂಡವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಅಗ್ರಗಣ್ಯರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರು ಭಾರತದಲ್ಲಿ ಮೋಟಾರು ಕಾರ್ಖಾನೆಯನ್ನು ಸ್ಥಾಪಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಮುಂಬಯಿಯ ಉದ್ಯಮಪತಿ ವಾಲ್‌ಚಂದ್ ಹೀರಾಚಂದರು ಆ ಯೋಜನೆಯನ್ನು ಕೈಗೆತ್ತಿಕೊಂಡರು. ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲವು ಬೆಂಬಲ ನೀಡಲು ಒಪ್ಪಿತ್ತಾದರೂ 1939ರಲ್ಲಿ ಅದು ರಾಜೀನಾಮೆಯಿತ್ತುದರಿಂದ ಆ ದಾರಿ ಮುಚ್ಚಿತು. ಮೈಸೂರು ಸಂಸ್ಥಾನವು ಮುಂದೆ ಬಂದಾಗ ಬ್ರಿಟಿಷ್ ಅಧಿಕಾರಿಗಳು ಸಮ್ಮತಿಸಲಿಲ್ಲ. ಅದೇ ವಾಲ್‌ಚಂದರು ಮೈಸೂರು ಸರ್ಕಾರದೊಡನೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಮೋಟಾರಿನ ಕನಸು ಮಾತ್ರ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಎಂಬ ಹೆಸರಿನಿಂದ ಮುಂಬಯಿಯಲ್ಲಿ ಮೈದಾಳಿತು. ಕುರ್ಲಾದ ಅದರ ಕಾರ್ಖಾನೆಯಿಂದ 1947ರಲ್ಲಿ ಮೊದಲ ಗಾಡಿಗಳು ಹೊರಬಂದವು.

ನಿರ್ಮಾಣದ ಸಂಕಲ್ಪವಿಲ್ಲದ ಕಂಪನಿಗಳಿಗೆ ಇಲ್ಲಿ ಎಡೆಯಿಲ್ಲವೆಂಬ ನೀತಿಯು 1953ರ ಹೊತ್ತಿಗೆ ದೃಢವಾದಾಗ ಜನರಲ್ ಮೋಟಾರ್ಸ್ ನಿರ್ಗಮಿಸಿತು, ಪ್ರೀಮಿಯರ್ ಉಳಿಯಿತು. ಇಟಲಿಯ ಫಿಯೆಟ್ 1100 ಕುರ್ಲಾದಲ್ಲಿ ತಯಾರಾಗತೊಡಗಿತು. 1964ರಲ್ಲಿ ಅದರ ಸುಧಾರಿತ ರೂಪವಾದ 1100 ಡಿ ಬಂತು. ಮುಂದೆ 1970ರ ದಶಕದಲ್ಲಿ ಅದೇ ಗಾಡಿಯು ಫಿಯೆಟ್ ಎಂಬ ಹೆಸರನ್ನು ತೊರೆದು ಪದ್ಮಿನಿಯಾಯಿತು. 1089 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರುಗಳ ಎಂಜಿನು, ಸ್ಟಿಯರಿಂಗಿನ ಬುಡದಲ್ಲಿಯೇ ಗೇರಿನ ಹಿಡಿ, ಮುಂದೆ ಇಬ್ಬರು ಒತ್ತಾಗಿ ಕೂರಬಹುದಾದ ಉದ್ದನೆಯ ಆಸನ: ಇದು ಮುಂಬಯಿಗರಿಗೆ ಚಿರಪರಿಚಿತವಾದ ರೂಪ.

ಆದರೆ ಚಿರಪರಿಚಯವೇ ಶ್ರೇಷ್ಠತೆಯಲ್ಲ. ಇಟಲಿಯಲ್ಲಿ 1969ರಲ್ಲಿಯೇ ಮುಗಿದುಹೋದ ವಂಶವು ಇಲ್ಲಿ ಮತ್ತೆ ಮೂವತ್ತು ವರ್ಷ ಬಾಳಿದುದಕ್ಕೆ ಅದರ ಗುಣವೊಂದೇ ಕಾರಣವಲ್ಲ. ಗಿರಾಕಿಗೆ ಬೇರೆ ಆಯ್ಕೆ ಇರಲಿಲ್ಲ. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲದಲ್ಲಿ ತಯಾರಕನಿಗೆ ಸುಧಾರಣೆಯ ಅವಸರವೂ ಇರಲಿಲ್ಲ. 1983ರ ಡಿಸೆಂಬರಿನಲ್ಲಿ ಗುಡಗಾಂವಿನಿಂದ 796 ಘನ ಸೆಂಟಿಮೀಟರಿನ ಮಾರುತಿ 800 ಹೊರಬಂದೊಡನೆ ಸ್ವಂತ ಕಾರು ಕೊಳ್ಳುವವರು ಅತ್ತ ತಿರುಗಿದರು. ಪದ್ಮಿನಿಯು ಮುಖ್ಯವಾಗಿ ಟ್ಯಾಕ್ಸಿಯಾಗಿ ಬದುಕಿತು. ಹಳೆಯದೆಲ್ಲವೂ ಅಭಿಜಾತವೆಂದು ನಂಬುವವರು ಈ ಇತಿಹಾಸವನ್ನು ಮರೆಯಬಾರದು.

ದಪ್ಪ ತಗಡಿನ ಹಳೆಯ ಕಾರೇ ಹೆಚ್ಚು ಭದ್ರವೆಂಬ ವಾದವೂ ವಿಚಾರಕ್ಕೆ ನಿಲ್ಲುವುದಿಲ್ಲ. ಅಪಘಾತದಲ್ಲಿ ಗಾಡಿಯ ಮೈ ಬಗ್ಗದಿದ್ದರೆ ಹೊಡೆತದ ರಭಸವೆಲ್ಲ ಒಳಗಿದ್ದವನ ಎದೆಗೆ ತಾಗುತ್ತದೆ. ಆಧುನಿಕ ಕಾರಿನ ಮುಂಭಾಗವು ತಾನು ನುಜ್ಜುಗುಜ್ಜಾಗಿ ಆ ರಭಸವನ್ನು ಹೀರಿಕೊಳ್ಳುವಂತೆ ರಚಿತವಾಗಿದೆ. ಚಾಲಕನ ಮುಂದಿನ ಗಾಳಿಚೀಲವು 2019ರಿಂದ ಕಡ್ಡಾಯವಾಗಿದೆ. ಹೊಗೆಯನ್ನು ನಿಯಂತ್ರಿಸುವ ಭಾರತ್ ಸ್ಟೇಜ್ 6 ನಿಯಮವು 2020ರ ಏಪ್ರಿಲಿನಿಂದ ಜಾರಿಯಲ್ಲಿದೆ. ಪ್ರಾಣರಕ್ಷಣೆಯಲ್ಲಿಯೂ ವಾಯುಶುದ್ಧಿಯಲ್ಲಿಯೂ ಹೊಸತೇ ಮೇಲು.

ಹಾಗಾದರೆ ಹಳತರ ಪಕ್ಷದವರ ಮರುಕ ಬರಿಯ ಭಾವುಕತೆಯೆ? ಹಾಗೆನ್ನಲಾಗದು. ಪದ್ಮಿನಿ ಕೆಟ್ಟು ನಿಂತರೆ ಚಾಲಕನೇ ಬಾನೆಟ್ಟು ಎತ್ತಿ, ಪ್ಲಗ್ಗು ಬಿಚ್ಚಿ ಒರೆಸಿ, ಕಾರ್ಬ್ಯುರೇಟರಿನ ಕಸ ಊದಿ ಮತ್ತೆ ಹೊರಡಬಲ್ಲವನಾಗಿದ್ದ. ಶಾಲೆಯ ಮೆಟ್ಟಿಲು ಹತ್ತದ ಹುಡುಗನೂ ಗ್ಯಾರೇಜಿನಲ್ಲಿ ನಾಲ್ಕಾರು ವರ್ಷ ಪಳಗಿ ಮೇಸ್ತ್ರಿಯಾಗಬಹುದಾಗಿತ್ತು. ಹೊಸ ಕಾರಿನಲ್ಲಿ ಇಂಧನವನ್ನು ಅಳೆದು ಸಿಂಪಡಿಸುವುದು ಗಣಕಯಂತ್ರ. ದೋಷವೆಲ್ಲಿದೆಯೆಂದು ತಿಳಿಯಲೂ ಮತ್ತೊಂದು ಯಂತ್ರ ಬೇಕು. ಆ ಯಂತ್ರವನ್ನು ಕೊಳ್ಳಲಾಗದ ಮೇಸ್ತ್ರಿಯ ಕೈಚಳಕ ನಿರುಪಯುಕ್ತವಾಗುತ್ತದೆ. ಹಳೆಯ ಗಾಡಿಯೊಡನೆ ಕಳೆದುಹೋಗುತ್ತಿರುವುದು ಈ ಜನರ ವಿದ್ಯೆ.

ವಿಶ್ವೇಶ್ವರಯ್ಯನವರು ಬಯಸಿದ್ದು ಈ ನೆಲದ ಜನ ಯಂತ್ರವನ್ನು ತಾವೇ ನಿರ್ಮಿಸಬಲ್ಲವರಾಗಬೇಕೆಂದು. ಓಡುವ ಕಾರೊಂದನ್ನು ಪಡೆಯುವುದಷ್ಟೇ ಅವರ ಗುರಿಯಾಗಿರಲಿಲ್ಲ. ಅದೇ ಅಳತೆಗೋಲಿನಿಂದ ನೋಡಿದರೆ ಪದ್ಮಿನಿಗೂ ಪೂರ್ಣಾಂಕ ಸಲ್ಲದು, ಇಂದಿನ ಕಾರಿಗೂ ಸಲ್ಲದು. ಒಂದನ್ನು ರಿಪೇರಿ ಮಾಡಲು ಬಲ್ಲವರಿದ್ದರು, ಬೆಳೆಸುವವರಿರಲಿಲ್ಲ. ಇನ್ನೊಂದನ್ನು ಬೆಳೆಸುವವರಿದ್ದಾರೆ, ಆದರೆ ಬೀದಿಯ ಮೇಸ್ತ್ರಿಗೆ ಅದರ ಒಳಗುಟ್ಟು ದೊರಕದು. ಬಿಡಿಭಾಗಗಳನ್ನೂ ದುರಸ್ತಿಯ ತಿಳಿವಳಿಕೆಯನ್ನೂ ತಯಾರಕರು ಸಣ್ಣ ಗ್ಯಾರೇಜುಗಳಿಗೆ ಒದಗಿಸುವ ಏರ್ಪಾಡಾದರೆ, ಹೊಸ ಕಾರಿನ ಭದ್ರತೆಯನ್ನು ಬಿಟ್ಟುಕೊಡದೆಯೇ ಹಳೆಯದರ ಈ ಒಂದು ಗುಣವನ್ನು ಉಳಿಸಿಕೊಳ್ಳಬಹುದು. ಪದ್ಮಿನಿಗಾಗಿ ಮರುಗುವವರು ಕೇಳಬೇಕಾದುದು ಇದನ್ನೇ.