ಮೂಳೆ ಮುರಿದರೆ ಯಾರ ತಪ್ಪು?

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಕ್ಕೆ ಸರಿದರೆ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯ ಸಿಗುತ್ತದೆ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಮಡದಿ ಸಹಜಾದೇವಿಯೂ ಕಟ್ಟಿಸಿದ ಗುಡಿ ಅದು. ಅಲ್ಲಿನ ಕಾಳಿಯ ಗುಡಿಯ ಬಾಗಿಲ ಬಳಿ ಎರಡು ಬೇತಾಳಗಳು ಕಾವಲು ನಿಂತಿವೆ. ಮೈಮೇಲೆ ಮಾಂಸವಿಲ್ಲ, ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದು. ಇವನ್ನು ಕಡೆದ ಶಿಲ್ಪಿಗೆ ಮನುಷ್ಯನ ಎಲುಬಿನ ಗೂಡಿನ ಪರಿಚಯ ಚೆನ್ನಾಗಿಯೇ ಇದ್ದಿರಬೇಕು.

ಅದೇ ಕಾಲದ ಬೇಲೂರಿನಲ್ಲಿ, 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿಯಲ್ಲಿ, ಮದನಿಕೆಯರು ಬಳುಕಿ ನಿಂತಿದ್ದಾರೆ. ಹಳೇಬೀಡಿನ ಗೋಡೆಗಳಲ್ಲಿ ಯೋಧರು, ನರ್ತಕಿಯರು, ಆನೆ ಕುದುರೆಗಳು ಸಾಲುಗಟ್ಟಿವೆ. 2023ರಲ್ಲಿ ಯುನೆಸ್ಕೊ ಇವೆರಡನ್ನೂ ಸೋಮನಾಥಪುರದ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಕಲ್ಲಿನಲ್ಲಿ ದೇಹದ ಸೊಬಗಿದೆ, ದೇಹದ ಭಯವೂ ಇದೆ. ಆದರೆ ತೊಟ್ಟಿಲಿನಿಂದ ಎತ್ತಿಕೊಂಡರೆ ತೊಡೆಯ ಮೂಳೆ ಮುರಿಯುವ ಮಗುವೊಂದು, ಅದನ್ನು ಎತ್ತಲು ಹೆದರುವ ತಾಯಿಯೊಬ್ಬಳು ಅಲ್ಲಿ ನಮಗೆ ಕಾಣಸಿಗುವುದಿಲ್ಲ. ಅಂಥ ಮಕ್ಕಳನ್ನು ನಾವು ಕಥೆಗಳಲ್ಲಿ ಹುಡುಕಬೇಕು. ಕಥೆಗಳಲ್ಲಿ ದೇಹದ ಊನಕ್ಕೆ ಬಹಳ ಸಲ ಒಂದು ಕಾರಣವನ್ನೂ ಅಂಟಿಸಿರುತ್ತಾರೆ.

ಮಹಾಭಾರತದ ವನಪರ್ವದಲ್ಲಿ ಅಷ್ಟಾವಕ್ರನ ಕಥೆ ಬರುತ್ತದೆ. ಗರ್ಭದಲ್ಲಿದ್ದಾಗಲೇ ತಂದೆಯ ವೇದಪಾಠದಲ್ಲಿ ತಪ್ಪು ಎತ್ತಿ ತೋರಿಸಿದ್ದಕ್ಕೆ ತಂದೆ ಕಹೋಡ ಶಪಿಸಿದ, ಮಗು ಎಂಟು ಕಡೆ ಡೊಂಕಾಗಿ ಹುಟ್ಟಿತು. ಅರಬರ ಹಳೆಯ ಐತಿಹ್ಯದಲ್ಲಿ ಸತೀಹ್ ಎಂಬ ಭವಿಷ್ಯಗಾರನಿದ್ದಾನೆ. ಇಸ್ಲಾಮಿಗೆ ಹಿಂದಿನ ಕಾಲದವನು. ತಲೆಬುರುಡೆಯೊಂದನ್ನು ಬಿಟ್ಟರೆ ಅವನ ಮೈಯಲ್ಲಿ ಮೂಳೆಯೇ ಇರಲಿಲ್ಲವಂತೆ, ಬಟ್ಟೆಯಂತೆ ಮಡಿಸಿ ಒಯ್ಯುತ್ತಿದ್ದರಂತೆ. ಉರ್ದುವಿನಲ್ಲಿ ಮೇಲ್ಮೈಗೆ ನಾವು ಹೇಳುವ 'ಸತಹ್' ಎಂಬ ಪದವೂ ಅವನ ಹೆಸರೂ ಒಂದೇ ಬೇರಿನವು. ನೆಲಕ್ಕೆ ಹರಡಿಕೊಂಡವನು ಎಂದರ್ಥ. ದೊರೆಗಳು ತಮ್ಮ ಕನಸಿನ ಅರ್ಥ ಕೇಳಲು ಅವನನ್ನು ಕರೆಸುತ್ತಿದ್ದರು ಎಂದು ಪ್ರವಾದಿ ಚರಿತ್ರೆಯ ಹಳೆಯ ಗ್ರಂಥಗಳು ಹೇಳುತ್ತವೆ. ಒಂದು ಕಡೆ ಊನವು ಶಾಪವಾಯಿತು, ಇನ್ನೊಂದು ಕಡೆ ಪವಾಡವಾಯಿತು. ಎರಡರಲ್ಲೂ ಅದು ಬರಿಯ ಕಾಯಿಲೆಯಾಗಿ ಉಳಿಯಲಿಲ್ಲ.

ಕಥೆಯಿಂದ ಮನೆಯೊಳಕ್ಕೆ ಬರೋಣ. ಪದೇ ಪದೇ ಮೂಳೆ ಮುರಿಯುವ ಮಗು ಹುಟ್ಟಿದರೆ ನಮ್ಮ ಸೀಮೆಯಲ್ಲಿ ಮೊದಲು ವಿಚಾರಣೆಗೆ ಒಳಗಾಗುವವಳು ತಾಯಿ. ಗ್ರಹಣದ ದಿನ ಹೊರಗೆ ಬಂದಿದ್ದೆಯಾ? ಬಸುರಿಯಲ್ಲಿ ಏನು ತಿಂದೆ? ಯಾರ ದೃಷ್ಟಿ ತಗುಲಿತು? ಹಿಂದೂ ಮನೆಯಲ್ಲಿ ಹರಕೆ, ಮುಸ್ಲಿಮ್ ಮನೆಯಲ್ಲಿ ತಾಯತ. ಹೆಸರು ಬೇರೆಯಾದರೂ ಪ್ರಶ್ನೆ ಒಂದೇ. ಆಮೇಲೆ ನಾಟಿ ವೈದ್ಯರ ಬಳಿ ಬಿದಿರಿನ ದಬ್ಬೆ ಕಟ್ಟಿಸುತ್ತಾರೆ. ಮೂಳೆ ಕೂಡಿಕೊಳ್ಳುತ್ತದೆ, ಆದರೆ ಬಾಗಿ ಕೂಡುತ್ತದೆ. ಬಾಗಿದ ಮೂಳೆ ಮತ್ತೆ ಅಲ್ಲಿಯೇ ಮುರಿಯುತ್ತದೆ. ಮತ್ತೆ ಮುರಿದಾಗ ಮತ್ತೆ ತಾಯಿಯೇ: ನೋಡಿಕೊಳ್ಳಲು ಬರಲಿಲ್ಲ ನಿನಗೆ!

ಈ ಕಾಯಿಲೆಗೆ ವೈದ್ಯರು ಇಟ್ಟ ಹೆಸರು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ, ಎಂದರೆ ಅಪೂರ್ಣವಾದ ಮೂಳೆ ರಚನೆ. ಸುಮಾರು 15ರಿಂದ 20 ಸಾವಿರ ಹೆರಿಗೆಗಳಲ್ಲಿ ಒಂದು ಮಗುವಿಗೆ ಬರುತ್ತದೆ. ಕೆಲವರಿಗೆ ಜೀವಮಾನದಲ್ಲಿ ನಾಲ್ಕಾರು ಸಲ ಮುರಿದರೆ, ಕೆಲವರಿಗೆ ಲೆಕ್ಕವಿಲ್ಲದಷ್ಟು ಸಲ. ಕೆಲವು ಶಿಶುಗಳಿಗೆ ಗರ್ಭದಲ್ಲಿಯೇ ಮೂಳೆ ಮುರಿದಿರುತ್ತದೆ. ಹಲವರ ಕಣ್ಣಿನ ಬಿಳಿಭಾಗ ನೀಲಿಯಾಗಿ ಕಾಣುತ್ತದೆ. ಹಲ್ಲು ಬೇಗ ಸವೆಯಬಹುದು, ವಯಸ್ಸಾದಂತೆ ಕಿವಿ ಮಂದವಾಗಬಹುದು. ಬುದ್ಧಿಗೆ ಮಾತ್ರ ಯಾವ ಕುಂದೂ ಇಲ್ಲ. ಈ ಕೊನೆಯ ಮಾತನ್ನು ನಮ್ಮ ಶಾಲೆಗಳು ಮುಖ್ಯವಾಗಿ ತಿಳಿಯಬೇಕು.

ಇದು ಕುಟುಂಬದಲ್ಲಿ ಹರಿದು ಬರುತ್ತದೆ ಎಂದು ಬರೆದಿಟ್ಟ ಮೊದಲಿಗರಲ್ಲಿ ಸ್ವೀಡನ್ನಿನ ಓಲೋಫ್ ಯಾಕೋಬ್ ಏಕ್ಮಾನ್ ಒಬ್ಬ. 1788ರಲ್ಲಿ ಉಪ್ಸಾಲಾದಲ್ಲಿ ಒಪ್ಪಿಸಿದ ಪ್ರಬಂಧದಲ್ಲಿ ಅವನು ಒಂದೇ ಮನೆತನದ ಮೂರು ತಲೆಮಾರುಗಳನ್ನು ವಿವರಿಸಿದ. ಇಂದಿನ ಹೆಸರು ಬಂದದ್ದು 1849ರಲ್ಲಿ, ಹಾಲೆಂಡಿನ ವಿಲ್ಲೆಮ್ ವ್ರೋಲಿಕ್‌ನಿಂದ. 1979ರಲ್ಲಿ ಆಸ್ಟ್ರೇಲಿಯಾದ ಡೇವಿಡ್ ಸಿಲೆನ್ಸ್ ಅದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು.

ಹಾಗೆಂದು ಪಶ್ಚಿಮದವರು ತಪ್ಪು ಹೊರಿಸುವ ಚಟದಿಂದ ಪಾರಾದರೆಂದು ತಿಳಿಯಬೇಕಿಲ್ಲ. 1962ರಲ್ಲಿ ಅಮೆರಿಕದ ವೈದ್ಯ ಹೆನ್ರಿ ಕೆಂಪ್ ಮತ್ತು ಸಂಗಡಿಗರು ಮನೆಯಲ್ಲಿ ಹೊಡೆತ ತಿನ್ನುವ ಮಕ್ಕಳ ಬಗ್ಗೆ ಪ್ರಬಂಧವೊಂದನ್ನು ಪ್ರಕಟಿಸಿದರು. ಅನೇಕ ಮಕ್ಕಳನ್ನು ಕಾಪಾಡಿದ ಬರಹ ಅದು. ಆದರೆ ಕಾರಣ ತಿಳಿಯದ ಮೂಳೆ ಮುರಿತ ಕಂಡ ಕೂಡಲೇ ಅಪ್ಪ ಅಮ್ಮನನ್ನು ಅನುಮಾನಿಸುವ ರೂಢಿಯೂ ಬೆಳೆಯಿತು. ಎಲುಬಿನ ಈ ಕಾಯಿಲೆಯಿರುವ ಮಕ್ಕಳ ಹೆತ್ತವರು ಕೆಲವರು ವಿನಾ ಕಾರಣ ಆರೋಪಿಗಳಾದರು. ಅಲ್ಲಿ ಗ್ರಹಣದ ಬದಲು ಪೊಲೀಸರು ಬಂದರು, ಅಷ್ಟೇ ವ್ಯತ್ಯಾಸ.

ಹಾಗಾದರೆ ನಿಜವಾದ ಕಾರಣ ಎಲ್ಲಿದೆ? ಉತ್ತರದ ಒಂದು ದೊಡ್ಡ ತುಂಡು ಸಿಕ್ಕಿದ್ದು ನಮ್ಮ ನೆರೆಯ ಮದರಾಸಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್, ಮದರಾಸು ವಿಶ್ವವಿದ್ಯಾಲಯದಲ್ಲಿ ಗೋಪಿನಾಥ ಕರ್ತಾ ಅವರೊಂದಿಗೆ ಕೊಲಾಜೆನ್ ಎಂಬ ಪ್ರೋಟೀನಿನ ರಚನೆಯನ್ನು ಹುಡುಕುತ್ತಿದ್ದರು. ಚರ್ಮ, ಸ್ನಾಯುರಜ್ಜು, ಮೂಳೆ ಎಲ್ಲಕ್ಕೂ ಆಧಾರವಾದ ನಾರು ಅದು. ಕಾಂಗರೂ ಬಾಲದ ಸ್ನಾಯುರಜ್ಜುವಿನ ಮೇಲೆ ಎಕ್ಸ್‌ರೇ ಹಾಯಿಸಿ ಪರೀಕ್ಷಿಸಿದ ಅವರು, ಮೂರು ಎಳೆಗಳು ಒಂದಕ್ಕೊಂದು ಹೆಣೆದುಕೊಂಡ ರಚನೆಯನ್ನು 1954 ಮತ್ತು 1955ರಲ್ಲಿ ಲೋಕಕ್ಕೆ ತೋರಿಸಿದರು.

ಅರಸೀಕೆರೆ ಸೀಮೆಯವರಿಗೆ ಇದನ್ನು ತಿಳಿಸಲು ಹೆಚ್ಚು ಮಾತು ಬೇಡ. ತೆಂಗಿನ ನಾರಿನ ಮೂರು ಎಳೆಯನ್ನು ಹುರಿ ಮಾಡಿದ ಹಗ್ಗವನ್ನು ನೆನೆದರೆ ಸಾಕು. ಮೂಳೆಯ ಸುಣ್ಣದಂಶಕ್ಕೆ ಗಟ್ಟಿತನವಿದೆ, ಬಾಗಿ ತಡೆದುಕೊಳ್ಳುವ ಗುಣ ಬರುವುದು ಈ ಹಗ್ಗದಿಂದ. ಹಗ್ಗದ ಎಳೆ ಎಳೆಯಲ್ಲಿಯೂ ಪ್ರತಿ ಮೂರನೆಯ ಮಣಿ ಗ್ಲೈಸಿನ್ ಎಂಬ ಅತಿ ಚಿಕ್ಕ ಅಂಶವೇ ಆಗಿರಬೇಕು, ಇಲ್ಲವಾದರೆ ಹುರಿ ಬಿಗಿಯಾಗಿ ಕೂರುವುದಿಲ್ಲ. ಎಳೆಗಳನ್ನು ತಯಾರಿಸುವ ಎರಡು ವಂಶವಾಹಿಗಳಲ್ಲಿ ಒಂದು ನಮ್ಮ 17ನೆಯ ವರ್ಣತಂತುವಿನಲ್ಲಿ, ಇನ್ನೊಂದು 7ನೆಯದರಲ್ಲಿ ಇದೆ. ಅಲ್ಲಿ ಆಗುವ ಬದಲಾವಣೆಯೇ ಈ ಕಾಯಿಲೆಗೆ ಕಾರಣವೆಂಬುದು 1983ರಿಂದ ಮುಂದಕ್ಕೆ ಒಂದೊಂದಾಗಿ ಖಚಿತವಾಯಿತು. ಒಳ್ಳೆಯ ಹಗ್ಗ ಅರ್ಧದಷ್ಟೇ ತಯಾರಾದರೆ ಕಾಯಿಲೆ ಸೌಮ್ಯ. ಕೆಟ್ಟ ಎಳೆಯೊಂದು ಹುರಿಯೊಳಗೇ ಸೇರಿಕೊಂಡರೆ ಇಡೀ ಹಗ್ಗ ಹಾಳು, ಕಾಯಿಲೆ ತೀವ್ರ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಈ ಬದಲಾವಣೆ ತಾಯಿಯಿಂದ ಬರಬಹುದು, ತಂದೆಯಿಂದಲೂ ಅಷ್ಟೇ ಸಲೀಸಾಗಿ ಬರಬಹುದು. ಎಷ್ಟೋ ಸಲ ಇಬ್ಬರಲ್ಲಿಯೂ ಇಲ್ಲದೆ, ಮಗು ರೂಪುಗೊಳ್ಳುವ ಕ್ಷಣದಲ್ಲಿ ಹೊಸದಾಗಿ ಆಗುತ್ತದೆ. ತಾಯಿ ತಿಂದದ್ದು, ನಡೆದದ್ದು, ನೋಡಿದ್ದು ಯಾವುದಕ್ಕೂ ಇದರೊಂದಿಗೆ ಸಂಬಂಧವಿಲ್ಲ.

ಅರಸೀಕೆರೆ ಜಂಕ್ಷನ್ನಿನಿಂದ ಬೀರೂರು, ಶಿವಮೊಗ್ಗ ದಾಟಿ ತಾಳಗುಪ್ಪದ ಕಡೆ ಹೋಗುವ ರೈಲಿನಲ್ಲಿ ಕುಳಿತರೆ ಸಾಗರ ಬರುತ್ತದೆ. ಅದರ ಸಮೀಪದ ಹಂದಿಗೋಡು ನಮ್ಮ ರಾಜ್ಯದ ಎಲುಬಿನ ಇತಿಹಾಸದಲ್ಲಿ ಮರೆಯಲಾಗದ ಹೆಸರು. 1974-75ರ ಸುಮಾರಿಗೆ ಅಲ್ಲಿನ ದಲಿತ ಕೂಲಿಕಾರ ಕುಟುಂಬಗಳಲ್ಲಿ ಸೊಂಟ, ಮಂಡಿ ನೋಯುವ, ನಡಿಗೆಯೇ ಕಷ್ಟವಾಗುವ ವಿಚಿತ್ರ ಕಾಯಿಲೆ ಬೆಳಕಿಗೆ ಬಂತು. ಕೆಲವರು ಕುಳ್ಳಾಗಿಯೇ ಉಳಿದರು, ಕೆಲವರು ತೆವಳಬೇಕಾಯಿತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಇನ್ನೂ ಹಲವು ಹಳ್ಳಿಗಳಲ್ಲಿ ಅದೇ ಕಾಣಿಸಿತು. ಇದು ನಾವು ಮೇಲೆ ಹೇಳಿದ ಕಾಯಿಲೆಯಲ್ಲ. ಇಲ್ಲಿ ಮೂಳೆ ಮುರಿಯುವುದಕ್ಕಿಂತ ಕೀಲು ಕೆಡುವುದೇ ಮುಖ್ಯ. ಆದರೆ ತಪ್ಪು ಹೊರಿಸಿದ ಬಗೆ ಹತ್ತಿರದ್ದು.

ಮೊದಲು ಅನುಮಾನ ಬಿದ್ದದ್ದು ಗದ್ದೆಯ ಏಡಿಗಳ ಮೇಲೆ. ಹೊಸ ತಳಿಯ ಬತ್ತದ ಜೊತೆ ಬಂದ ಕೀಟನಾಶಕ ಗದ್ದೆಯ ನೀರಿಗೆ ಸೇರಿ, ಏಡಿಯ ಮೂಲಕ ಬಡವರ ಹೊಟ್ಟೆಗೆ ಹೋಗಿರಬಹುದೆಂದು ಊಹಿಸಿದರು. ಆ ಕಾಲಕ್ಕೆ ಕೇಳಲೇಬೇಕಾಗಿದ್ದ ಪ್ರಶ್ನೆ ಅದು. ಆದರೆ ಜನರ ಬಾಯಲ್ಲಿ ಅದು 'ಏಡಿ ತಿಂದವರ ರೋಗ' ಎಂದಾಗಲು ಎಷ್ಟು ಹೊತ್ತು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1978ರಲ್ಲಿ ಪ್ರಕಟಿಸಿದ ಪ್ರಬಂಧ ಅದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆಯಿತು. ಮುಂದಿನ ಅಧ್ಯಯನಗಳು ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ, ಮೂಳೆಯ ಬೆಳವಣಿಗೆಯ ದೋಷವೆಂದು ತೋರಿಸಿದವು. ಏಡಿ ಆರೋಪಮುಕ್ತವಾಯಿತು. ಆದರೆ 'ವಂಶದ ರೋಗ' ಎಂಬ ಮಾತಿಗೆ ವಿಜ್ಞಾನಿಯ ಕೋಣೆಯಲ್ಲಿ ಒಂದರ್ಥ, ಹೆಣ್ಣು ನೋಡಲು ಬಂದವರ ಜಗುಲಿಯಲ್ಲಿ ಇನ್ನೊಂದರ್ಥ. ರೋಗಕ್ಕೆ ಹೆಸರು ಸಿಕ್ಕಿದ ಮಾತ್ರಕ್ಕೆ ರೋಗಿಗೆ ಮರ್ಯಾದೆ ಸಿಗುವುದಿಲ್ಲ ಎಂಬುದು ಹಂದಿಗೋಡು ನಮಗೆ ಕಲಿಸುವ ಪಾಠ.

ವಂಶದ ಮಾತು ಬಂದಾಗ ನಮ್ಮ ಮದುವೆಗಳ ಕುರಿತು ಮೌನವಾಗಿರುವುದೂ ಸರಿಯಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನ, ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೇ ಆಗಿತ್ತೆಂದು ಕಂಡುಕೊಂಡಿತು. ಹಿಂದೂಗಳಲ್ಲಿ ಸೋದರಮಾವ ಮತ್ತು ಅಕ್ಕನ ಮಗಳು, ಅತ್ತೆ ಮಾವನ ಮಕ್ಕಳು. ನಮ್ಮಲ್ಲಿ ಇವರ ಜೊತೆಗೆ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳೂ ಸೇರುತ್ತಾರೆ, ಸೋದರಮಾವನೊಂದಿಗಿನ ಮದುವೆ ಮಾತ್ರ ನಿಷಿದ್ಧ. ಆಸ್ತಿ ಹೊರಗೆ ಹೋಗದಿರಲಿ, ಹುಡುಗಿ ಕಣ್ಣ ಮುಂದಿರಲಿ ಎಂಬ ಆಸೆ ಎರಡೂ ಕಡೆಯದು. ಎಲುಬಿನ ಈ ಕಾಯಿಲೆಯ ಬಹುಪಾಲು ಪ್ರಕರಣಗಳಿಗೂ ಇಂಥ ಮದುವೆಗೂ ಸಂಬಂಧವಿಲ್ಲ. ಆದರೆ 2006ರ ಬಳಿಕ ಪತ್ತೆಯಾದ ಕೆಲವು ಬಗೆಗಳು, ತಂದೆ ತಾಯಿ ಇಬ್ಬರಿಂದಲೂ ಅದೇ ದೋಷ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಒಂದೇ ಅಜ್ಜನ ಮೊಮ್ಮಕ್ಕಳು ಮದುವೆಯಾದರೆ ಆ ಸಂಭವ ಹೆಚ್ಚು. ದಾಯಾದಿ ಮದುವೆಗೆ ಧರ್ಮದಲ್ಲಿ ಅನುಮತಿಯಿದೆ, ಅದು ಆಜ್ಞೆಯಲ್ಲ. ಮನೆತನದಲ್ಲಿ ಅಂಥ ಮಗುವೊಂದು ಹುಟ್ಟಿದ್ದರೆ, ಮುಂದಿನ ಸಂಬಂಧ ಮಾತಾಡುವ ಮುನ್ನ ವೈದ್ಯರನ್ನು ಕೇಳುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಆಗಿಹೋದ ಮದುವೆಯನ್ನು ಹಿಡಿದು ಸೊಸೆಯನ್ನು ಹಳಿಯುವುದು ಶುದ್ಧ ಅನ್ಯಾಯ.

ಮದ್ದಿನ ಇತಿಹಾಸದಲ್ಲಿ ಭರವಸೆಯಿದೆ. 1959ರಲ್ಲಿ ಅಮೆರಿಕದ ಸೋಫೀಲ್ಡ್ ಮತ್ತು ಮಿಲ್ಲರ್ ಎಂಬ ಶಸ್ತ್ರವೈದ್ಯರು, ಬಾಗಿದ ಉದ್ದ ಮೂಳೆಯನ್ನು ತುಂಡು ಮಾಡಿ ಒಳಗೆ ಲೋಹದ ಸರಳು ಪೋಣಿಸಿ ನೇರ ಮಾಡುವ ವಿಧಾನ ಪ್ರಕಟಿಸಿದರು. ಮಗು ಬೆಳೆದಂತೆ ತಾನೂ ಉದ್ದವಾಗುವ ಸರಳುಗಳು ಆಮೇಲೆ ಬಂದವು. 1998ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಫ್ರಾನ್ಸಿಸ್ ಗ್ಲೋರಿಯೋ ಮತ್ತು ಸಂಗಡಿಗರು, ಮೂಳೆ ಕರಗುವುದನ್ನು ತಡೆಯುವ ಪಾಮಿಡ್ರೋನೇಟ್ ಔಷಧವನ್ನು 30 ಮಕ್ಕಳಿಗೆ ಕೊಟ್ಟು, ಮೂಳೆಯ ಸಾಂದ್ರತೆ ಹೆಚ್ಚಿ ಮುರಿತ ಕಡಿಮೆಯಾದುದನ್ನು ವರದಿ ಮಾಡಿದರು. ಕಾಯಿಲೆ ಗುಣವಾಗುವುದಿಲ್ಲ, ಆದರೆ ಬದುಕು ಹಗುರವಾಗುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯಲ್ಲಿ ಈ ಕಾಯಿಲೆಯ ಹೆಸರೂ ಚಿಕಿತ್ಸೆಯೂ ಸೇರಿವೆ. ಆ ನೀತಿಯಡಿ ಕರ್ನಾಟಕದಲ್ಲಿ ಗುರುತಿಸಿರುವ ಕೇಂದ್ರ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ.

ಮದ್ದಿಗಿಂತ ಮೊದಲು ಬೇಕಾದದ್ದು ಶಾಲೆಯ ಬಾಗಿಲು ತೆರೆದಿರುವುದು. ರಾಜಸ್ಥಾನದ ಪಾಲಿಯಲ್ಲಿ ಹುಟ್ಟಿ ದೆಹಲಿಯ ಕೊಳೆಗೇರಿಯಲ್ಲಿ ಬೆಳೆದ ಉಮ್ಮುಲ್ ಖೇರ್, ಇದೇ ಎಲುಬಿನ ಕಾಯಿಲೆಯೊಂದಿಗೆ, ಹದಿನಾರು ಮುರಿತ ಮತ್ತು ಎಂಟು ಶಸ್ತ್ರಚಿಕಿತ್ಸೆಗಳನ್ನು ದಾಟಿ, ನೆರೆಹೊರೆಯ ಮಕ್ಕಳಿಗೆ ಪಾಠ ಹೇಳಿ ತನ್ನ ಓದಿನ ಖರ್ಚು ನೋಡಿಕೊಂಡ ಹೆಣ್ಣುಮಗಳು. 2016ರ ನಾಗರಿಕ ಸೇವಾ ಪರೀಕ್ಷೆಯಲ್ಲಿ 420ನೆಯ ಸ್ಥಾನ ಪಡೆದರು. ಅಂಥವರನ್ನು ಹೊಗಳಿ ಸುಮ್ಮನಾಗುವುದು ಸುಲಭ. ನಮ್ಮ ತಾಲ್ಲೂಕಿನ ಶಾಲೆಯಲ್ಲಿ ಅಂಥದೇ ಮಗುವಿಗಾಗಿ ತರಗತಿಯನ್ನು ಮೇಲಿನ ಮಹಡಿಯಿಂದ ನೆಲಮಹಡಿಗೆ ಇಳಿಸಲು ನಾವು ಸಿದ್ಧರಿದ್ದೇವೆಯೇ? ಆಟದ ಬಿಡುವಿನಲ್ಲಿ ಅದನ್ನು ಒಬ್ಬಂಟಿಯಾಗಿ ಕೂರಿಸದೆ, ಕೂತು ಆಡುವ ಆಟವೊಂದನ್ನು ಕಲಿಸುತ್ತೇವೆಯೇ? ಕೇಳಬೇಕಾದ ಪ್ರಶ್ನೆಗಳು ಇವು.

ಇಷ್ಟಕ್ಕೆ ದೊಡ್ಡ ಖರ್ಚೇನೂ ಇಲ್ಲ. ಮಗುವಿಗೆ ಸಣ್ಣ ಪೆಟ್ಟಿಗೇ ಎರಡನೆಯ ಸಲ ಮೂಳೆ ಮುರಿದಾಗ ಅದರ ಕಣ್ಣಿನ ಬಿಳಿಯನ್ನು ಹಗಲು ಬೆಳಕಿನಲ್ಲಿ ಒಮ್ಮೆ ನೋಡಬೇಕು. ದಬ್ಬೆ ಕಟ್ಟಿಸಿದ ಮೇಲೂ ದೊಡ್ಡ ಆಸ್ಪತ್ರೆಗೆ ತೋರಿಸಬೇಕು. ಶಾಪ, ದೃಷ್ಟಿ, ಏಡಿ, ಗ್ರಹಣ ಎಲ್ಲವೂ ಸರದಿಯಲ್ಲಿ ಆರೋಪಿ ಸ್ಥಾನದಲ್ಲಿ ನಿಂತು ಹೋಗಿವೆ. ತಾಯಿಯೊಬ್ಬಳು ಮಾತ್ರ ಇನ್ನೂ ಅಲ್ಲಿಯೇ ನಿಂತಿದ್ದಾಳೆ. ಅವಳನ್ನು ಅಲ್ಲಿಂದ ಇಳಿಸುವ ಕೆಲಸ ವೈದ್ಯರದ್ದಲ್ಲ, ನಮ್ಮದು.